ಮಗುವಿನ ಮೊದಲ ಇಂಗ್ಲಿಷ್: ಟ್ಯೂಷನ್ನಾ, ಫೋನಿಕ್ಸಾ, ಆ್ಯಪಾ, ಕತೆ ಪುಸ್ತಕವಾ?

ಮೇ ಕೊನೆ, ಜೂನ್ ಮೊದಲ ವಾರ ಬಂತೆಂದರೆ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮಗಳು ಒಂದನೇ ಕ್ಲಾಸು. ಇಂಗ್ಲಿಷ್ ಏನೂ ಬರಲ್ಲ. ಟ್ಯೂಷನ್‌ಗೆ ಹಾಕೋಣ್ವಾ, ಫೋನಿಕ್ಸ್ ಕ್ಲಾಸಿಗಾ? ಇಲ್ಲಾ ಮೊಬೈಲಲ್ಲಿ ಒಂದು ಆ್ಯಪ್ ಹಾಕಿಕೊಟ್ಟರೆ ಸಾಕಾ?" ಪಕ್ಕದ ಮನೆ ಮಗು ಆಗಲೇ ಇಂಗ್ಲಿಷ್ ಪದ್ಯ ಹೇಳುತ್ತಿದೆ, ನಮ್ಮದು ಹಿಂದೆ ಬಿತ್ತು ಅನ್ನುವ ಆತಂಕ ಆ ಪ್ರಶ್ನೆಯ ಹಿಂದೆ ಇರುತ್ತದೆ. ಆ ಆತಂಕ ನನಗೆ ಅರ್ಥವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಫೀಸು ಕಟ್ಟುವ ಮುಂಚೆ ಓದಿ.

ಇದು ಐದರಿಂದ ಹತ್ತು ವರ್ಷದ ಮಕ್ಕಳ ಬಗ್ಗೆ. ಮನೆಯಲ್ಲಿ ಕನ್ನಡ ಮಾತಾಡುವ, ಇಂಗ್ಲಿಷನ್ನು ಈಗಷ್ಟೇ ಶುರು ಮಾಡಿದ ಮಕ್ಕಳು. ಶಾಲೆ ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಅನ್ನುವುದು ಇಲ್ಲಿ ಅಷ್ಟು ದೊಡ್ಡ ವಿಷಯವಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದಲೇ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಅಂದರೆ ಯಾವ ಶಾಲೆಗೆ ಹೋದರೂ ಮಗುವಿಗೆ ಆರನೇ ವರ್ಷದಲ್ಲಿ ಇಂಗ್ಲಿಷ್ ಎದುರಾಗುತ್ತದೆ. ಶಾಲೆಯ ಹೊರಗೆ ನಾವು ಯಾವ ಆಸರೆ ಕೊಡಬೇಕು ಅನ್ನುವುದಷ್ಟೇ ನಮ್ಮ ಕೈಲಿರುವ ಆಯ್ಕೆ.

ಮೊದಲು ಏನನ್ನು ನೋಡಬೇಕು

ಯಾವುದೇ ದಾರಿಯನ್ನು ಅಳೆಯುವಾಗ ನಾನು ನೋಡುವ ಮೊದಲ ವಿಷಯ: ದಿನಕ್ಕೆ ಎಷ್ಟು ಇಂಗ್ಲಿಷ್ ವಾಕ್ಯಗಳು ಅರ್ಥ ಸಮೇತ ಮಗುವಿನ ಕಿವಿಗೆ ಬೀಳುತ್ತವೆ? ಪದಗಳಲ್ಲ, ವಾಕ್ಯಗಳು. "ಆ್ಯಪಲ್, ಬಾಲ್, ಕ್ಯಾಟ್" ಎಂದು ನೂರು ಪದ ಒಪ್ಪಿಸುವ ಮಗುವಿಗೆ ಬಾಯಾರಿದಾಗ ನೀರು ಕೇಳಲು ಬರುವುದಿಲ್ಲ. "ಐ ವಾಂಟ್ ವಾಟರ್" ಅನ್ನುವ ಒಂದು ವಾಕ್ಯವನ್ನು ಸರಿಯಾದ ಹೊತ್ತಿನಲ್ಲಿ ಹತ್ತು ಸಲ ಕೇಳಿದ ಮಗುವಿಗೆ ಬರುತ್ತದೆ.

ಎರಡನೆಯದು, ಮಗು ಬಾಯಿ ಬಿಡುತ್ತದಾ? ಮೊದಲ ಕೆಲವು ತಿಂಗಳು ಮಗು ಸುಮ್ನೆ ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ. ಅದು ಸಹಜ, ಗಾಬರಿ ಬೇಡ. ಆದರೆ ಮಾತಾಡಬೇಕು ಅನ್ನಿಸಿದ ದಿನ ಅದಕ್ಕೆ ಅವಕಾಶ ಇರಬೇಕು, ತಪ್ಪಿದರೆ ನಗುವವರು ಇರಬಾರದು.

ಮೂರನೆಯದು, ಆ ದಾರಿ ಮಗುವಿನ ಕನ್ನಡವನ್ನು ಬಳಸಿಕೊಳ್ಳುತ್ತದಾ ಇಲ್ಲವಾ. ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲೇ ಬರೆದ ವಿಚಾರ ಇದು: ಮೊದಲ ಭಾಷೆಯಲ್ಲಿ ಗಟ್ಟಿಯಾದ ಓದು, ಯೋಚನೆ ಎರಡನೇ ಭಾಷೆಗೂ ದಾಟಿಕೊಂಡು ಹೋಗುತ್ತದೆ. ಕತೆಗೆ ಆರಂಭ, ಮಧ್ಯ, ಕೊನೆ ಇರುತ್ತದೆ ಅಂತ ಒಮ್ಮೆ ಕನ್ನಡದಲ್ಲಿ ಗೊತ್ತಾದರೆ ಇಂಗ್ಲಿಷಿನಲ್ಲಿ ಅದನ್ನು ಮತ್ತೆ ಕಲಿಯಬೇಕಿಲ್ಲ. ಹಾಗಾಗಿ "ಕ್ಲಾಸಿನಲ್ಲಿ ಕನ್ನಡ ಆಡಿದರೆ ಫೈನ್ ಕಟ್ಟಬೇಕು" ಅನ್ನುವ ಕಡೆಗೆ ಆರು ವರ್ಷದ ಮಗುವನ್ನು ಕಳಿಸಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಆಮೇಲೆ ದುಡ್ಡು ಮತ್ತು ಸಮಯ. ಎಲ್ಲರೂ ದುಡ್ಡಿನ ಲೆಕ್ಕ ಹಾಕುತ್ತಾರೆ. ಮನೆಯಲ್ಲಿ ಯಾರ ಹತ್ತಿರ ದಿನಕ್ಕೆ ಹದಿನೈದು ನಿಮಿಷ ಇದೆ ಅನ್ನುವ ಲೆಕ್ಕ ಹಾಕುವವರು ಕಡಿಮೆ. ನಿಮ್ಮ ಆಯ್ಕೆಯನ್ನು ನಿಜವಾಗಿ ತೀರ್ಮಾನಿಸುವುದು ಆ ಹದಿನೈದು ನಿಮಿಷವೇ.

ಗ್ರಾಮರ್ ಬಗ್ಗೆ ಸ್ವಲ್ಪ ವಿವರವಾಗಿ

ಅಪ್ಪ ಅಮ್ಮಂದಿರ ಅರ್ಧ ಚಿಂತೆ ಗ್ರಾಮರಿನದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಕನ್ನಡದ ಮಗು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳಿಗೆ ಕಾರಣ ಇದೆ. "ಇದು ಮರ" ಅನ್ನಲು ನಮಗೆ ಕ್ರಿಯಾಪದ ಬೇಡ. ಹಾಗಾಗಿ ಮಗು "ದಿಸ್ ಟ್ರೀ" ಅನ್ನುತ್ತದೆ, "ಈಸ್" ಬಿಟ್ಟುಹೋಗುತ್ತದೆ. "ರಾಮು ಮಾವಿನಹಣ್ಣು ತಿಂದ" ಅನ್ನುವಾಗ ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ, ಅದಕ್ಕೇ "ರಾಮು ಮ್ಯಾಂಗೊ ಏಟ್". "ಮೇಜಿನ ಮೇಲೆ" ಅನ್ನುವಾಗ ಮೇಜು ಮೊದಲು, "ಮೇಲೆ" ಆಮೇಲೆ. ಅದಕ್ಕೇ "ಟೇಬಲ್ ಆನ್". "ನನಗೆ ಇಬ್ಬರು ಅಕ್ಕಂದಿರು" ಅನ್ನುವಲ್ಲಿ "ಹ್ಯಾವ್" ಎನ್ನುವ ಮಾತೇ ಇಲ್ಲ, ಅದು ಬರಲು ಸಮಯ ಬೇಕು. ಅಜ್ಜನ ಬಗ್ಗೆ ಹೇಳುವಾಗ ಮಗು "ದೇ" ಅಂದರೆ, ಮನೆಯಲ್ಲಿ ಕಲಿಸಿದ "ಅವರು" ಅಲ್ಲಿ ಕೆಲಸ ಮಾಡುತ್ತಿದೆ. "ಎ", "ದ" ಅನ್ನುವ ಪುಟ್ಟ ಪದಗಳಂತೂ ಕನ್ನಡದಲ್ಲಿ ಇಲ್ಲವೇ ಇಲ್ಲ. ಅವು ಸರಿಯಾಗಿ ಕೂರಲು ವರ್ಷಗಳೇ ಬೇಕಾಗಬಹುದು.

ಇವೆಲ್ಲ ಬುದ್ಧಿವಂತ ತಪ್ಪುಗಳು. ಮಗು ತನಗೆ ಗೊತ್ತಿರುವ ನಿಯಮವನ್ನು ಹೊಸ ಜಾಗದಲ್ಲಿ ಹಚ್ಚುತ್ತಿದೆ. ಇದನ್ನು ಸರಿಮಾಡುವ ಒಳ್ಳೆಯ ರೀತಿ, ತಪ್ಪು ಅಂತ ಹೇಳದೆ ಸರಿಯಾದ ವಾಕ್ಯವನ್ನೇ ಉತ್ತರವಾಗಿ ಕೊಡುವುದು. ಮಗು "ದಿಸ್ ಟ್ರೀ" ಅಂದರೆ "ಯೆಸ್, ದಿಸ್ ಈಸ್ ಎ ಟ್ರೀ. ಎ ಬಿಗ್ ಟ್ರೀ!" ಅನ್ನಿ. ಅಷ್ಟೇ. ನೌನ್, ವರ್ಬ್ ಎಂಬ ಹೆಸರುಗಳು ಎಂಟು ಒಂಬತ್ತು ವರ್ಷಕ್ಕೆ ಬಂದರೂ ತಡವಲ್ಲ.

ಇನ್ನೊಂದು ಸಮಾಧಾನದ ವಿಷಯ. "ಹೀ ಗೋಸ್" ಅನ್ನುವಲ್ಲಿನ ಕೊನೆಯ "ಸ್" ಮಕ್ಕಳಿಗೆ ಬಹಳ ತಡವಾಗಿ ಬರುತ್ತದೆ, "ಗೋಯಿಂಗ್", "ಈಟಿಂಗ್" ಥರದವು ಬೇಗ ಬರುತ್ತವೆ. ಇಂಗ್ಲಿಷ್ ಮನೆಮಾತಿನ ಮಕ್ಕಳಲ್ಲೂ, ಅದನ್ನು ಎರಡನೇ ಭಾಷೆಯಾಗಿ ಕಲಿಯುವ ಮಕ್ಕಳಲ್ಲೂ ಸಂಶೋಧಕರು 1970ರ ದಶಕದಲ್ಲೇ ಇದನ್ನು ಕಂಡಿದ್ದಾರೆ. ನಿಮ್ಮ ಏಳು ವರ್ಷದ ಮಗ "ಹೀ ಗೋ ಸ್ಕೂಲ್" ಅಂದರೆ ಅದು ಹಿಂದೆ ಬಿದ್ದ ಲಕ್ಷಣ ಅಲ್ಲ.

ಗ್ರಾಮರನ್ನು ಪಾಠವಾಗಿ ಹೇಳದೆ ಕಲಿಸಲು ಆಗುತ್ತದಾ ಅನ್ನುವ ಪ್ರಶ್ನೆಗೆ ಉತ್ತರ ಹುಡುಕಿದ ದೊಡ್ಡ ಪ್ರಯೋಗ ನಮ್ಮ ಊರಿನ ಹೆಸರಲ್ಲೇ ಇದೆ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಕೆಲಸವನ್ನು ಇಂಗ್ಲಿಷ್ ಕಲಿಸುವ ಜಗತ್ತು ಇವತ್ತಿಗೂ "ಬೆಂಗಳೂರು ಪ್ರಾಜೆಕ್ಟ್" ಎಂದೇ ಕರೆಯುತ್ತದೆ. ಸಾಮಾನ್ಯ ಶಾಲೆಯ ಮಕ್ಕಳಿಗೆ ನಿಯಮ ಒಪ್ಪಿಸುವ ಬದಲು ನಕ್ಷೆ ನೋಡಿ ದಾರಿ ಹುಡುಕುವುದು, ವೇಳಾಪಟ್ಟಿ ನೋಡಿ ಲೆಕ್ಕ ಹಾಕುವುದು ಇಂಥ ಕೆಲಸ ಕೊಟ್ಟರು. ಗಮನ ಅರ್ಥದ ಮೇಲೆ ಇದ್ದಾಗ ವ್ಯಾಕರಣ ಒಳಗಿಂದ ಕೂಡಿಕೊಳ್ಳುತ್ತದೆ ಅನ್ನುವುದು ಅವರ ನಂಬಿಕೆ. ಕೆಲಸ ಕೊಟ್ಟು ಭಾಷೆ ಕಲಿಸುವ ಪದ್ಧತಿ ಆಮೇಲೆ ಜಗತ್ತಿನಾದ್ಯಂತ ಹರಡಿತು.

ಮನೆಯಲ್ಲಿ ಇದು ಹೇಗಿರುತ್ತದೆ? ಒಂದು ಸ್ಟೀಲ್ ಲೋಟ, ಒಂದು ನಿಂಬೆಹಣ್ಣು ತಗೊಳ್ಳಿ. ಮಗು ಕಣ್ಣು ಮುಚ್ಚಲಿ. ನಿಂಬೆಹಣ್ಣನ್ನು ಲೋಟದ ಒಳಗೋ, ಕೆಳಗೋ, ಹಿಂದೆಯೋ ಇಡಿ. "ವೇರ್ ಈಸ್ ದ ಲೆಮನ್?" ಮಗು ಮೊದಲು ಬೆರಳು ತೋರಿಸುತ್ತದೆ. ನೀವು ಹೇಳಿ: "ಇಟ್ ಈಸ್ ಅಂಡರ್ ದ ಕಪ್." ಎರಡು ಮೂರು ದಿನ ಆದಮೇಲೆ ಸರದಿ ಬದಲಾಯಿಸಿ. ಈಗ ಅಡಗಿಸುವುದು ಮಗು, ಊಹಿಸುವುದು ನೀವು, ಬೇಕಂತಲೇ ತಪ್ಪಾಗಿ. "ಈಸ್ ಇಟ್ ಇನ್ ದ ಕಪ್?" ಅಂದಾಗ "ನೋ! ಬಿಹೈಂಡ್!" ಅಂತ ಮಗು ಕೂಗುತ್ತದೆ. ಆ ಹತ್ತು ನಿಮಿಷದಲ್ಲಿ "ಈಸ್", "ದ", "ಇನ್", "ಅಂಡರ್", ಪ್ರಶ್ನೆ ಕೇಳುವ ಕ್ರಮ, ಎಲ್ಲ ಬಂದುಹೋಯಿತು. ವರ್ಕ್‌ಬುಕ್ಕಿನಲ್ಲಿ ಇದಕ್ಕೆ ನಾಲ್ಕು ಪುಟ ಬೇಕು.

ಪದಗಳ ವಿಷಯಕ್ಕೆ ಬಂದರೆ, ನಮ್ಮ ಮಕ್ಕಳು ಸೊನ್ನೆಯಿಂದ ಶುರು ಮಾಡುವುದೇ ಇಲ್ಲ. ಬಸ್ಸು, ಪೆನ್ನು, ಬ್ಯಾಗು, ಲೈಟು, ಫ್ಯಾನು, ಬಕೆಟ್ಟು, ಟೊಮೆಟೊ, ಕೇಕು, ಬ್ರಶ್ಶು. ಒಂದು ಸಂಜೆ ಮಗುವಿನ ಜೊತೆ ಮನೆ ಸುತ್ತಿ, ಅದಕ್ಕೆ ಆಗಲೇ ಗೊತ್ತಿರುವ ಇಂಗ್ಲಿಷ್ ಪದಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆಯಿರಿ. "ನಂಗೆ ಇಷ್ಟೊಂದು ಬರುತ್ತಾ!" ಅನ್ನುವ ಧೈರ್ಯ ಬರುತ್ತದೆ. ಕೊನೆಯ "ಉ" ಬಿಟ್ಟು "ಬಸ್", "ಪೆನ್" ಅನ್ನುವುದನ್ನು ನಿಧಾನಕ್ಕೆ ಆಟದಲ್ಲೇ ರೂಢಿ ಮಾಡಿದರೆ ಸಾಕು.

ಈಗ ಒಂದೊಂದೇ ದಾರಿ ನೋಡೋಣ.

ಗ್ರಾಮರ್ ಟ್ಯೂಷನ್ ಮತ್ತು ವರ್ಕ್‌ಬುಕ್

ಎಲ್ಲ ಊರಲ್ಲೂ ಸಿಗುತ್ತದೆ, ಫೀಸು ಸಾಮಾನ್ಯವಾಗಿ ಕಡಿಮೆ. ಶಾಲೆಯ ಹೋಮ್‌ವರ್ಕೂ ಮುಗಿಯುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಅದೇ ಒಂದು ದೊಡ್ಡ ಉಪಕಾರ, ನಾನು ಅದನ್ನು ಕಡೆಗಣಿಸುವುದಿಲ್ಲ.

ಆದರೆ ಆರಂಭದ ಮಗುವಿಗೆ ಇದು ಕೊಡುವುದು ಕಡಿಮೆ. ಒಂದು ಕೋಣೆಯಲ್ಲಿ ಬೇರೆ ಬೇರೆ ಕ್ಲಾಸಿನ ಹದಿನೈದು ಮಕ್ಕಳು ತಲೆ ತಗ್ಗಿಸಿ ಬಿಟ್ಟ ಸ್ಥಳ ತುಂಬುತ್ತಿದ್ದರೆ ಕಿವಿಗೆ ಇಂಗ್ಲಿಷ್ ಬೀಳುವುದಿಲ್ಲ, ಬಾಯಿಂದ ಹೊರಡುವುದೂ ಇಲ್ಲ. ಪರೀಕ್ಷೆಯಲ್ಲಿ ಅಂಕ ಬರಬಹುದು. ಹತ್ತಕ್ಕೆ ಹತ್ತು ತೆಗೆದ ಮಗು "ವಾಟ್ ಆರ್ ಯು ಡೂಯಿಂಗ್?" ಅಂತ ಯಾರಾದರೂ ಕೇಳಿದರೆ ಅಮ್ಮನ ಮುಖ ನೋಡುತ್ತದೆ. ಐದರಿಂದ ಏಳು ವರ್ಷದವರಿಗೆ ಇದು ಬೇಡ ಎಂದೇ ನನ್ನ ಸಲಹೆ. ಓದಲು ಬರುವ, ಒಂದಿಷ್ಟು ವಾಕ್ಯ ಆಡುವ ಒಂಬತ್ತು ಹತ್ತು ವರ್ಷದ ಮಗುವಿಗೆ ಒಳ್ಳೆಯ ವರ್ಕ್‌ಬುಕ್ ಕೆಲಸಕ್ಕೆ ಬರುತ್ತದೆ. ಆಗ ಅದು ಬಾಯಲ್ಲಿ ಇರುವುದನ್ನು ಕ್ರಮವಾಗಿ ಜೋಡಿಸಿಕೊಡುತ್ತದೆ.

ಫೋನಿಕ್ಸ್ ಕ್ಲಾಸು

ಈಗ ಸಣ್ಣ ಊರುಗಳಲ್ಲೂ ಬೋರ್ಡು ಕಾಣುತ್ತದೆ. ಅಕ್ಷರದ ಹೆಸರಿನ ಬದಲು ಅಕ್ಷರದ ಸದ್ದನ್ನು ಕಲಿಸಿ, ಸದ್ದುಗಳನ್ನು ಕೂಡಿಸಿ ಓದಿಸುವ ಪದ್ಧತಿ ಇದು. ಬ್ರಿಟನ್ನಿನ ಜಾಲಿ ಫೋನಿಕ್ಸ್ ಇದರಲ್ಲಿ ಹೆಸರಾದದ್ದು. ಅದರಲ್ಲಿ 42 ಸದ್ದುಗಳನ್ನು ಏಳು ಗುಂಪು ಮಾಡಿದ್ದಾರೆ. ಮೊದಲ ಗುಂಪಿನ ಎಸ್, ಎ, ಟಿ, ಐ, ಪಿ, ಎನ್ ಕಲಿತರೆ ಸಾಕು, ಮಗು "ಪಿನ್", "ಟಿನ್", "ಸ್ಯಾಟ್", "ನ್ಯಾಪ್" ಓದಬಹುದು. ಎ, ಬಿ, ಸಿ ಕ್ರಮದಲ್ಲಿ ಹೋದರೆ ಇಷ್ಟು ಬೇಗ ಓದು ಬರುವುದಿಲ್ಲ.

ಕನ್ನಡದ ಮಗುವಿಗೆ ಇದು ನಿಜವಾಗಿಯೂ ಬೇಕಾಗುವ ಸಹಾಯ. ಕಾರಣ ನಮ್ಮ ಲಿಪಿಯ ಸ್ವಭಾವ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. "ಕಿ" ಅನ್ನುವುದು ಒಂದೇ ಅಕ್ಷರವಾಗಿ ಕಣ್ಣಿಗೆ ಬೀಳುತ್ತದೆ, "ಕ್" ಮತ್ತು "ಇ" ಅಂತ ಒಡೆಯುವ ರೂಢಿ ಚಿಕ್ಕ ಮಗುವಿಗೆ ಇರುವುದಿಲ್ಲ. ಇಂಗ್ಲಿಷಿನಲ್ಲಿ ಒಂದೊಂದು ಸದ್ದನ್ನೂ ಬಿಡಿಬಿಡಿಯಾಗಿ ಹಿಡಿದು ಕೂಡಿಸಬೇಕು. ಜೊತೆಗೆ ಒಂದೇ "ಎ" ಅಕ್ಷರ "ಕ್ಯಾಟ್"ನಲ್ಲಿ ಒಂದು ಥರ, "ಕೇಕ್"ನಲ್ಲಿ ಇನ್ನೊಂದು, "ಕಾರ್"ನಲ್ಲಿ ಮತ್ತೊಂದು. ಯಾರಾದರೂ ಕ್ರಮವಾಗಿ ಬಿಡಿಸಿ ಹೇಳದಿದ್ದರೆ ಮಗು ಪ್ರತಿ ಪದವನ್ನೂ ಚಿತ್ರದ ಹಾಗೆ ಬಾಯಿಪಾಠ ಮಾಡಲು ಹೊರಡುತ್ತದೆ.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ ಇದೆ, ಇದನ್ನು ಕ್ಲಾಸಿನವರು ಹೇಳುವುದಿಲ್ಲ. ಫೋನಿಕ್ಸ್ ಹುಟ್ಟಿದ್ದು ಇಂಗ್ಲಿಷನ್ನೇ ಮಾತಾಡುವ ಮಕ್ಕಳಿಗೆ ಓದು ಕಲಿಸಲು. ಅವರಿಗೆ "ಹೆನ್" ಅಂದರೆ ಏನು ಅಂತ ಓದುವ ಮುಂಚೆಯೇ ಗೊತ್ತು. ಸದ್ದು ಕೂಡಿಸಿದ ಕೂಡಲೇ ಅರ್ಥ ಹೊಳೆಯುತ್ತದೆ. ನಮ್ಮ ಮಗು "ದ ಹೆನ್ ಈಸ್ ಇನ್ ದ ಪೆನ್" ಎಂದು ಪಟಪಟನೆ ಓದುತ್ತದೆ, ಕೋಳಿ ಯಾಕೆ ಪೆನ್ನಿನೊಳಗೆ ಹೋಯಿತು ಅಂತ ಅದಕ್ಕೆ ಗೊತ್ತಿಲ್ಲ. ಇಲ್ಲಿ "ಪೆನ್" ಅಂದರೆ ಕೋಳಿ ಕೂಡಿಹಾಕುವ ಜಾಗ ಅಂತ ಯಾರೂ ಹೇಳಿರುವುದಿಲ್ಲ. ಓದಿದ್ದನ್ನು ಕೇಳಿ ನಮಗೆ ಸಂತೋಷವಾಗುತ್ತದೆ, ಮಗುವಿಗೆ ಅರ್ಥ ಸಿಕ್ಕಿರುವುದಿಲ್ಲ. ಹಾಗಾಗಿ ಫೋನಿಕ್ಸ್ ಒಂದನ್ನೇ ನಂಬಬೇಡಿ. ಪಕ್ಕದಲ್ಲಿ ಕತೆಯೋ ಮಾತೋ ಇರಲೇಬೇಕು.

ಇನ್ನು "ದ", "ವಾಸ್", "ಸೆಡ್" ಥರದ ಪದಗಳು ಸದ್ದಿನ ನಿಯಮಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಇವುಗಳಿಗೆ ಅಮೆರಿಕದ ಎಡ್ವರ್ಡ್ ಡಾಲ್ಚ್ 1936ರಲ್ಲಿ ಮಾಡಿದ ಪಟ್ಟಿ ಈಗಲೂ ಬಳಕೆಯಲ್ಲಿದೆ. ಮಕ್ಕಳ ಪುಸ್ತಕಗಳಲ್ಲಿ ಪದೇ ಪದೇ ಬರುವ 220 ಪದಗಳು, ಅದರ ಜೊತೆಗೆ ಬೇರೆಯಾಗಿ 95 ನಾಮಪದಗಳು. ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ದಿನಕ್ಕೆ ಎರಡು ಮೂರು ಪದ, ಚೀಟಿಯ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿ. ಇದಕ್ಕೆ ಕ್ಲಾಸು ಬೇಕಿಲ್ಲ.

ಕ್ಲಾಸು ಒಳ್ಳೆಯದಾ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ: ಟೀಚರು "ಎಸ್" ಅಕ್ಷರಕ್ಕೆ ಬರೀ "ಸ್‌‌‌" ಅನ್ನುತ್ತಾರಾ, "ಸ" ಅನ್ನುತ್ತಾರಾ? "ಸ-ಅ-ಟ" ಅಂತ ಕಲಿತ ಮಗುವಿಗೆ ಕೂಡಿಸಿದಾಗ "ಸ್ಯಾಟ್" ಸಿಗುವುದಿಲ್ಲ. "ಸ" ಅನ್ನುವವರಾದರೆ ಬೇರೆ ಕಡೆ ನೋಡಿ. ಪೂರ್ತಿ ಕೋರ್ಸಿಗೆ ಒಟ್ಟಿಗೆ ದುಡ್ಡು ಕೇಳುವವರಿಗಿಂತ ತಿಂಗಳ ಲೆಕ್ಕದಲ್ಲಿ ತಗೊಳ್ಳುವವರು ಮೇಲು.

ಆ್ಯಪ್, ವಿಡಿಯೊ

ಒಂದು ವಿಷಯದಲ್ಲಿ ಇವು ಉಳಿದೆಲ್ಲಕ್ಕಿಂತ ಮುಂದೆ. ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಉಚ್ಚಾರಣೆಯ ಧೈರ್ಯ ಇಲ್ಲದಿದ್ದಾಗ ಸ್ಪಷ್ಟವಾದ ದನಿ ಮಗುವಿನ ಕಿವಿಗೆ ಬೀಳುತ್ತದೆ. ಖಾನ್ ಅಕಾಡೆಮಿ ಕಿಡ್ಸ್ ಎರಡರಿಂದ ಎಂಟು ವರ್ಷದವರಿಗೆ ಮಾಡಿದ ಆ್ಯಪ್, ಉಚಿತ, ಜಾಹೀರಾತು ಇಲ್ಲ. ಮಾತು ಅಮೆರಿಕದ್ದು, ಮೊದಲ ದಿನಗಳಲ್ಲಿ ವೇಗ ಅನ್ನಿಸಬಹುದು. ಬ್ರಿಟಿಷ್ ಕೌನ್ಸಿಲ್‌ನ ಮಕ್ಕಳ ಜಾಲತಾಣದಲ್ಲೂ ಹಾಡು, ಕತೆ, ಆಟ ಉಚಿತವಾಗಿ ಇವೆ.

ತೊಂದರೆ ಎಲ್ಲಿ ಅಂದರೆ, ಪರದೆ ಮಗುವಿನ ಮಾತಿಗಾಗಿ ಕಾಯುವುದಿಲ್ಲ. ಬೆರಳಲ್ಲಿ ಒತ್ತಿದರೆ ನಕ್ಷತ್ರ ಸಿಗುತ್ತದೆ, ಬಾಯಿ ತೆರೆಯುವ ಅಗತ್ಯವೇ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆಯ ಮುಂದೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದು ಹೇಳಿದೆ. ಅದಕ್ಕಿಂತ ದೊಡ್ಡವರಿಗೂ ಇಂಗ್ಲಿಷಿನ ನೆಪದಲ್ಲಿ ಮೊಬೈಲ್ ಜಾಸ್ತಿ ಆಗುವುದು ಬೇಡ. ಇಪ್ಪತ್ತು ನಿಮಿಷ ಸಾಕು, ಅದೂ ಪಕ್ಕದಲ್ಲಿ ನೀವು ಕೂತು. ಕಂಡದ್ದನ್ನು ಆಮೇಲೆ ಅಡುಗೆಮನೆಯಲ್ಲಿ ಒಮ್ಮೆ ಆಡಿಸಿ. ವಿಡಿಯೊದಲ್ಲಿ "ಜಂಪ್, ಟರ್ನ್, ಸಿಟ್ ಡೌನ್" ಬಂದರೆ ನೀವೂ ಎದ್ದು ಕುಣಿಯಿರಿ. ಆಜ್ಞೆ ಕೇಳಿ ಮೈ ಆಡಿಸುತ್ತಾ ಕಲಿಯುವ ಈ ಪದ್ಧತಿಯನ್ನು ಅಮೆರಿಕದ ಜೇಮ್ಸ್ ಆ್ಯಶರ್ 1960ರ ದಶಕದಲ್ಲಿ ಬೆಳೆಸಿದರು. ಇನ್ನೂ ಮಾತು ಬಾರದ ಮಗುವಿಗೆ ಇದಕ್ಕಿಂತ ಹಿತವಾದ ದಾರಿ ನಾನು ಕಂಡಿಲ್ಲ. ಅರ್ಥವಾಗಿದೆ ಅಂತ ಮಗು ಮೈಯಿಂದಲೇ ತೋರಿಸುತ್ತದೆ.

ದುಬಾರಿ ಪ್ಯಾಕೇಜುಗಳ ಬಗ್ಗೆ ಒಂದೇ ಮಾತು. ಆರು ವರ್ಷದ ಮಗುವಿನ ಇಂಗ್ಲಿಷಿಗಾಗಿ ಸಾಲ, ಕಂತು ಮಾಡಬೇಡಿ. ಮನೆಗೆ ಬಂದು ಮಗುವಿನ ಭವಿಷ್ಯದ ಬಗ್ಗೆ ಹೆದರಿಸುವವರಿಗೆ ಅವತ್ತೇ ಸಹಿ ಹಾಕಬೇಡಿ.

ಮನೆಯಲ್ಲಿ ಎರಡು ಭಾಷೆಯ ಕತೆ

ನನ್ನ ಒಲವು ಇದರ ಕಡೆ, ಮೊದಲೇ ಹೇಳಿಬಿಡುತ್ತೇನೆ. ಖರ್ಚು ಎಲ್ಲಕ್ಕಿಂತ ಕಡಿಮೆ, ಕೇಳುವ ಸಮಯ ದಿನಕ್ಕೆ ಹದಿನೈದು ನಿಮಿಷ.

ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ಶುರು ಮಾಡಿತು. ಮಕ್ಕಳ ಕತೆಗಳು ಚಿತ್ರ ಸಮೇತ, ಉಚಿತವಾಗಿ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸಿಗುತ್ತವೆ. ಒಂದೇ ಕತೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತೆರೆದು ಓದಬಹುದು. ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಓದಿನ ಮಟ್ಟವನ್ನು ಒಂದರಿಂದ ನಾಲ್ಕು ಅಂತ ಗುರುತು ಮಾಡಿದ್ದಾರೆ. ಒಂದನೇ ಮಟ್ಟದಲ್ಲಿ ಪುಟಕ್ಕೆ ಒಂದೆರಡು ಸಾಲು ಅಷ್ಟೇ. ಕೆಲವು ಕತೆಗಳಿಗೆ ಓದುವ ದನಿಯೂ ಇದೆ. "ನಮಗೇ ಇಂಗ್ಲಿಷ್ ಸರಿಯಾಗಿ ಬರಲ್ಲ" ಅನ್ನುವವರು ಅದನ್ನು ಹಾಕಿ ಜೊತೆಗೆ ಓದಬಹುದು. ಅಚ್ಚಾದ ಪುಸ್ತಕವೇ ಬೇಕು ಅನ್ನುವವರಿಗೆ ಚೆನ್ನೈನ ತೂಲಿಕಾ ಪ್ರಕಾಶನದ ಎರಡು ಭಾಷೆಯ ಚಿತ್ರಪುಸ್ತಕಗಳಿವೆ, ಒಂದೇ ಪುಟದಲ್ಲಿ ಕನ್ನಡವೂ ಇಂಗ್ಲಿಷೂ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ ಹೋಗಿ. ಮಕ್ಕಳಿಗೆ ಸದಸ್ಯತ್ವ ಉಚಿತ.

ಓದುವ ರೀತಿಯಲ್ಲಿ ಎಲ್ಲ ಇದೆ. ಮೊದಲ ದಿನ ಕತೆಯನ್ನು ಕನ್ನಡದಲ್ಲಿ ಓದಿ, ಚೆನ್ನಾಗಿ ಮಾತಾಡಿ. ಎರಡನೇ ದಿನ ಅದೇ ಕತೆ ಇಂಗ್ಲಿಷಿನಲ್ಲಿ. ಪದಪದಕ್ಕೂ ಅರ್ಥ ಹೇಳಲು ಹೋಗಬೇಡಿ, ಚಿತ್ರದ ಮೇಲೆ ಬೆರಳಿಡಿ. ಕತೆ ಗೊತ್ತಿರುವುದರಿಂದ ಮಗು ಅರ್ಥ ಊಹಿಸುತ್ತದೆ. ಮೂರನೇ ದಿನ ಸಾಲಿನ ಕೊನೆಯಲ್ಲಿ ನಿಲ್ಲಿಸಿ. "ದ ಕ್ಯಾಟ್ ಈಸ್ ಅಂಡರ್ ದ..." ಅಂದು ಸುಮ್ಮನಾಗಿ. ಮಗು "ಬೆಡ್!" ಅನ್ನುತ್ತದೆ. ನಾಲ್ಕನೇ ದಿನಕ್ಕೆ ಪುಸ್ತಕವನ್ನು ಅದರ ಕೈಗೆ ಕೊಡಿ. ಅದು ನೆನಪಿನಿಂದ ಹೇಳುತ್ತದೋ ನಿಜವಾಗಿ ಓದುತ್ತದೋ ಅಂತ ತಲೆಕೆಡಿಸಿಕೊಳ್ಳಬೇಡಿ, ಎರಡೂ ಬೇಕಾದದ್ದೇ.

ಕೊರತೆ ಇಲ್ಲವಾ? ಇದೆ. ಸದ್ದು ಕೂಡಿಸಿ ಓದುವುದು ಬರೀ ಕತೆ ಕೇಳಿ ಎಲ್ಲ ಮಕ್ಕಳಿಗೂ ಬರುವುದಿಲ್ಲ, ಅದಕ್ಕೆ ಫೋನಿಕ್ಸ್ ಬೇಕಾಗಬಹುದು. ಫಲ ಕಾಣಲು ತಿಂಗಳುಗಳು ಬೇಕು. ದಿನ ಬಿಟ್ಟು ದಿನ ತಪ್ಪಿದರೆ ಏನೂ ಉಳಿಯುವುದಿಲ್ಲ. ರಾತ್ರಿ ಒಂಬತ್ತಕ್ಕೆ ಕೆಲಸದಿಂದ ಬರುವ ಅಪ್ಪನಿಗೆ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ ಅಂತ ನನಗೆ ಗೊತ್ತು.

ಆನ್‌ಲೈನ್‌ನಲ್ಲಿ ಒಬ್ಬರಿಗೊಬ್ಬರು

ಒಂದು ಮಗುವಿಗೆ ಒಬ್ಬರೇ ಟೀಚರ್ ಇರುವ ಕ್ಲಾಸು ಇದು. ಖರ್ಚು ಎಲ್ಲಕ್ಕಿಂತ ಜಾಸ್ತಿ. ಒಳ್ಳೆಯ ಟೀಚರ್ ಸಿಕ್ಕರೆ ಮಗು ಅತಿ ಹೆಚ್ಚು ಮಾತಾಡುವುದೂ ಇಲ್ಲೇ. ಓದಲು ಬರೆಯಲು ಬರುವ, ಮಾತಿಗೆ ಮಾತ್ರ ಹಿಂಜರಿಯುವ ಎಂಟು ವರ್ಷ ದಾಟಿದವರಿಗೆ ವಾರಕ್ಕೆ ಎರಡು ದಿನ ಇದ್ದರೂ ಬದಲಾವಣೆ ಕಾಣುತ್ತದೆ. ಐದಾರು ವರ್ಷದವರು ಪರದೆಯ ಮುಂದೆ ಅಷ್ಟು ಹೊತ್ತು ಕೂರುವುದಿಲ್ಲ, ದುಡ್ಡು ದಂಡ. ಆರಿಸುವಾಗ ವಿದೇಶಿ ಉಚ್ಚಾರಣೆಗಿಂತ ಕನ್ನಡ ಬಲ್ಲ ಟೀಚರನ್ನು ಹುಡುಕಿ. "ಟೇಬಲ್ ಆನ್" ಅಂತ ಮಗು ಯಾಕೆ ಅಂದಿತು ಅನ್ನುವುದು ಅವರಿಗೆ ಕೂಡಲೇ ಹೊಳೆಯುತ್ತದೆ.

ಶಾಲೆಯ ಪುಸ್ತಕ ಮರೆಯಬೇಡಿ

ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಯ ಇಂಗ್ಲಿಷ್ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ನಲಿ ಕಲಿಯ ಇಂಗ್ಲಿಷ್ ಪುಸ್ತಕಗಳೂ ಇವೆ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾದ ನಲಿ ಕಲಿ, ಚಟುವಟಿಕೆಯ ಮೂಲಕ ಮಗು ತನ್ನದೇ ವೇಗದಲ್ಲಿ ಕಲಿಯಲಿ ಅನ್ನುವ ಪದ್ಧತಿ. ಖಾಸಗಿ ಶಾಲೆಯ ಮಗುವಿಗೂ ಅದರ ಹಾಡು, ಚಿತ್ರ, ಆಟ ಚೆನ್ನಾಗಿ ಹೊಂದುತ್ತವೆ. ಬೇರೆ ಏನೂ ಸಾಧ್ಯವಿಲ್ಲದ ಮನೆಯಲ್ಲಿ ಇದರ ಒಂದೊಂದು ಪುಟವನ್ನು ಜೋರಾಗಿ ಓದಿ ಆಡಿದರೂ ಮಗು ಮುಂದೆ ಹೋಗುತ್ತದೆ.

ನಿಮ್ಮ ಮನೆಗೆ ಯಾವುದು?

ದುಡ್ಡು ಕಡಿಮೆ, ಸಂಜೆ ಮನೆಯಲ್ಲಿ ಒಬ್ಬರು ಇರುತ್ತಾರೆ ಅಂದರೆ ಯೋಚನೆಯೇ ಬೇಡ. ಎರಡು ಭಾಷೆಯ ಕತೆ, ಲೋಟ ನಿಂಬೆಹಣ್ಣಿನಂಥ ಆಟ, ಶಾಲೆಯ ಪುಸ್ತಕ. ಒಂದು ವರ್ಷ ಇಷ್ಟನ್ನೇ ಬಿಡದೆ ಮಾಡಿ.

ಇಬ್ಬರೂ ದುಡಿಯುವವರು, ಸಮಯ ಇಲ್ಲ, ಸ್ವಲ್ಪ ಖರ್ಚು ಮಾಡಬಹುದು ಅಂದರೆ ಎಂಟು ಹತ್ತು ಮಕ್ಕಳ ಸಣ್ಣ ಗುಂಪಿನ ಫೋನಿಕ್ಸ್ ಕ್ಲಾಸು ನೋಡಿ, ಕತೆ ಹೇಳುವ, ಹಾಡಿಸುವ ಕ್ಲಾಸಾದರೆ ಇನ್ನೂ ಒಳ್ಳೆಯದು. ಶನಿವಾರ ಭಾನುವಾರ ಮಾತ್ರ ಮನೆಯಲ್ಲಿ ಕತೆ ಓದಿ. ಅಜ್ಜಿ ತಾತ ಮನೆಯಲ್ಲಿದ್ದರೆ ಅವರು ಕನ್ನಡದಲ್ಲಿ ಕತೆ ಹೇಳಲಿ. ಅದೇ ಕತೆಯನ್ನು ವಾರದ ಕೊನೆಗೆ ನೀವು ಇಂಗ್ಲಿಷಿನಲ್ಲಿ ತೆಗೆದುಕೊಳ್ಳಿ. ಇಂಗ್ಲಿಷ್ ಬಾರದ ಅಜ್ಜಿ ಇದರಲ್ಲಿ ಅರ್ಧ ಕೆಲಸ ಮಾಡಿಕೊಡುತ್ತಾರೆ.

ಇಂಗ್ಲಿಷ್ ಮಾಧ್ಯಮದಲ್ಲಿ ಮೂರನೇ ಕ್ಲಾಸು, ಇನ್ನೂ ಓದಲು ಬರುತ್ತಿಲ್ಲ ಅಂದರೆ ಮೊದಲು ಕನ್ನಡ ಓದಿಸಿ ನೋಡಿ. ಕನ್ನಡ ಸರಾಗವಾಗಿ ಬಂದು ಇಂಗ್ಲಿಷ್ ಮಾತ್ರ ತೊಡಕಾದರೆ ಫೋನಿಕ್ಸ್ ಸರಿಯಾದ ಮದ್ದು, ಗ್ರಾಮರ್ ಟ್ಯೂಷನ್ ಅಲ್ಲ. ಕನ್ನಡವನ್ನು ಕ್ರಮವಾಗಿ ಕಲಿಸಿದ್ದರೂ ಎರಡೂ ಭಾಷೆಯ ಅಕ್ಷರಗಳು ಕಷ್ಟವಾದರೆ ಕಣ್ಣು, ಕಿವಿ ತೋರಿಸಿ, ಶಾಲೆಯಲ್ಲಿ ಮಾತಾಡಿ, ಕಲಿಕೆಯ ತೊಂದರೆ ಬಲ್ಲ ತಜ್ಞರನ್ನು ಕಾಣಿ. ಅಲ್ಲಿ ಇನ್ನೊಂದು ಕ್ಲಾಸಿಗೆ ಹಾಕುವುದರಿಂದ ಮಗು ಇನ್ನಷ್ಟು ಕುಗ್ಗುತ್ತದೆ.

ಒಂಬತ್ತು ಹತ್ತು ವರ್ಷ, ಓದುತ್ತದೆ, ಬರೆಯುತ್ತದೆ, ಬಾಯಿ ಮಾತ್ರ ತೆರೆಯುವುದಿಲ್ಲ ಅಂದರೆ ದುಡ್ಡಿದ್ದರೆ ಒಬ್ಬರಿಗೊಬ್ಬರು ಕ್ಲಾಸು. ಇಲ್ಲದಿದ್ದರೆ ಅದೇ ವಯಸ್ಸಿನ ಮೂರ್ನಾಲ್ಕು ಮಕ್ಕಳನ್ನು ಸೇರಿಸಿ ವಾರಕ್ಕೊಮ್ಮೆ ಪುಟ್ಟ ನಾಟಕ ಆಡಿಸಿ. ಅಂಗಡಿ ಆಟ, ಬಸ್ ಕಂಡಕ್ಟರ್ ಆಟ, ಡಾಕ್ಟರ್ ಆಟ. ಪಾತ್ರದ ಮರೆಯಲ್ಲಿ ನಾಚಿಕೆ ಕಡಿಮೆಯಾಗುತ್ತದೆ.

ಅಮೆರಿಕ, ಬ್ರಿಟನ್ನಿನಲ್ಲಿರುವ ಕನ್ನಡದ ಮನೆಗಳಿಗೆ ನನ್ನ ಸಲಹೆ ಪೂರ್ತಿ ತಿರುವುಮುರುವು. ಇಂಗ್ಲಿಷನ್ನು ಬೀದಿಯೇ ಕಲಿಸುತ್ತದೆ, ಆ ಹದಿನೈದು ನಿಮಿಷವನ್ನು ಕನ್ನಡಕ್ಕೆ ಕೊಡಿ.

ಯಾವ ಕ್ಲಾಸನ್ನು ಆರಿಸಿದರೂ ಫೀಸು ಕಟ್ಟುವ ಮುಂಚೆ ಒಂದು ದಿನ ಒಳಗೆ ಕೂತು ನೋಡಲು ಕೇಳಿ. ಕೂರಲು ಬಿಡದಿದ್ದರೆ ಆ ಜಾಗ ಬೇಡ. ಕೂತರೆ ಗೋಡೆಯ ಮೇಲಿನ ಚಾರ್ಟು, ಎಸಿ, ಸರ್ಟಿಫಿಕೇಟು ನೋಡಬೇಡಿ. ಅಷ್ಟು ಹೊತ್ತಿನಲ್ಲಿ ಒಂದೊಂದು ಮಗು ಎಷ್ಟು ಸಲ ಪೂರ್ತಿ ವಾಕ್ಯ ಆಡಿತು ಅಂತ ಎಣಿಸಿ. ತಪ್ಪಾಗಿ ಹೇಳಿದ ಮಗುವಿಗೆ ಟೀಚರು ಏನಂದರು, ಹಿಂದಿನ ಸಾಲಿನ ಮಗುವಿಗೆ ಸರದಿ ಬಂತಾ, ಅರ್ಥವಾಗದಾಗ ಕನ್ನಡದಲ್ಲಿ ಕೇಳಿದ ಮಗುವನ್ನು ಗದರಿದರಾ ಅಂತ ಗಮನಿಸಿ. ಮನೆಗೆ ಬರುವಾಗ ದಾರಿಯಲ್ಲಿ ಮಗುವನ್ನು "ಏನು ಕಲಿತೆ?" ಅಂತ ಕೇಳಬೇಡಿ, "ನಾಳೆ ಮತ್ತೆ ಬರೋಣ್ವಾ?" ಅಂತ ಕೇಳಿ. ಸೇರಿಸಿದ ಮೇಲೆ ಮೂರು ತಿಂಗಳು ಕೊಡಿ. ಅಷ್ಟರಲ್ಲಿ ಮನೆಯಲ್ಲಿ ಯಾರೂ ಹೇಳದೆ ಒಂದಾದರೂ ಇಂಗ್ಲಿಷ್ ವಾಕ್ಯ ಮಗುವಿನ ಬಾಯಿಂದ ತಾನಾಗಿ ಬಂದಿದ್ದರೆ ಮುಂದುವರಿಸಿ. ಬಂದಿಲ್ಲ, ಜೊತೆಗೆ ಹೋಗಲು ಅಳುತ್ತದೆ ಅಂದರೆ ಬಿಡಿಸಿ, ಬೇರೆ ದಾರಿ ಹಿಡಿಯಿರಿ.